ಮೂರು ಮಹಡಿಯ ಮನೆ, ಒಂದು ಉಂಗುರ: ನಾನು ಕಾದಂಬರಿ ಬರೆದ ಬಗೆ

ನನ್ನ ಕಾದಂಬರಿಯಲ್ಲಿರುವುದು ಬಾಸ್ಟನ್ನಿನ ಐರಿಷ್ ಮೂಲದ ಮ್ಯಾನಿಯನ್ ಕುಟುಂಬ. ಮೊದಲ ಕರಡಿನಲ್ಲಿ ಇವರು ವಿಪರೀತ ಮಾತಾಡುತ್ತಿದ್ದರು. ಅಜ್ಜಿ ಕೇಳುವ ಮೊದಲೇ ಎಲ್ಲ ಹೇಳಿಬಿಡುತ್ತಿದ್ದಳು. ಅಮ್ಮ ಒಲೆ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಾ ಮೂವತ್ತು ವರ್ಷದ ಹಳೆಯ ಕಥೆ ಬಿಚ್ಚುತ್ತಿದ್ದಳು. ಅಧ್ಯಾಯಕ್ಕೊಂದು ಜಗಳ, ಜಗಳಕ್ಕೊಂದು ರಾಜಿ. ಕರಡು ಓದಿದ ಗೆಳತಿ ಫೋನ್ ಮಾಡಿ, "ಇವರು ತೀರ್ಥಹಳ್ಳಿ ಕಡೆಯವರಲ್ವಾ? ಹೆಸರು ಮಾತ್ರ ಬದಲಾಯಿಸಿದ್ದೀಯ" ಅಂದಳು. ನನಗೆ ಒಂದು ವಾರ ಏನೂ ಬರೆಯಲಾಗಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು.

ನಾನು ಬಾಸ್ಟನ್ ಪಕ್ಕದ ಕ್ವಿನ್ಸಿಯಲ್ಲಿದ್ದೇನೆ. ಫಿಸಿಯೋಥೆರಪಿ ನನ್ನ ಕೆಲಸ. ವಯಸ್ಸಾದವರ ಮನೆಗೇ ಹೋಗಿ, ಮಂಡಿ ಸರ್ಜರಿ ಆದವರನ್ನು, ಬಿದ್ದು ಸೊಂಟ ಮುರಿದುಕೊಂಡವರನ್ನು ಮತ್ತೆ ನಡೆಸುವುದು. ಹನ್ನೊಂದು ವರ್ಷದಿಂದ ಜಾಸ್ತಿ ಓಡಾಟ ಡಾರ್ಚೆಸ್ಟರ್ ಮತ್ತು ಸೌತ್ ಬಾಸ್ಟನ್ ಕಡೆಗೇ. ಅಲ್ಲಿನ ಹಳೆಯ ಐರಿಷ್ ಮೂಲದ ಮನೆಗಳ ಅಡುಗೆಮನೆ, ಮೆಟ್ಟಿಲು, ಗೋಡೆಯ ಮೇಲಿನ ಫೋಟೋ ಎಲ್ಲವೂ ನನಗೆ ಪರಿಚಯ. ಈ ಪ್ರಣಯ ಸಸ್ಪೆನ್ಸ್ ಕಾದಂಬರಿಯ ಆಸೆ ಹುಟ್ಟಿದ್ದೇ ಆ ಮೆಟ್ಟಿಲುಗಳಲ್ಲಿ. ಆದರೆ ಮೊದಲ ದಿನವೇ ಒಂದು ಗೆರೆ ಹಾಕಿಕೊಂಡೆ. ರೋಗಿಗಳು ನನಗೆ ಹೇಳಿದ ಒಂದು ಮಾತೂ, ಅವರ ಮನೆಯ ಒಂದು ಘಟನೆಯೂ ಪುಸ್ತಕಕ್ಕೆ ಬರಬಾರದು. ನಂಬಿ ಬಾಗಿಲು ತೆಗೆದವರ ಮನೆಯಿಂದ ಕಥೆ ಎತ್ತಿಕೊಂಡು ಬರುವುದು ನನ್ನಿಂದ ಆಗದು. ಹಾಗಾಗಿ ಕಥೆಗೆ ಬೇಕಾದದ್ದನ್ನು ಲೈಬ್ರರಿಯಲ್ಲಿ, ಬೀದಿಯಲ್ಲಿ, ಚರ್ಚಿನ ಹಿಂದಿನ ಬೆಂಚಿನಲ್ಲಿ ಹುಡುಕಬೇಕಾಯಿತು.

ಮೊದಲು ಮನೆ ಕಟ್ಟಿಕೊಂಡೆ. ಡಾರ್ಚೆಸ್ಟರಿನ ಬೀದಿಗಳಲ್ಲಿ ಸಾಲಾಗಿ ನಿಂತಿರುವ ಮರದ ಮೂರು ಮಹಡಿಯ ಮನೆಗಳನ್ನು ಅಲ್ಲಿ ತ್ರೀ ಡೆಕ್ಕರ್ ಅನ್ನುತ್ತಾರೆ. ಹೆಚ್ಚಿನವು 1880ರಿಂದ 1920ರ ದಶಕದವರೆಗೆ ಕಟ್ಟಿದವು. ಒಂದರ ಮೇಲೊಂದು ಮೂರು ಮನೆ, ಹಿಂದುಗಡೆ ಒಂದರ ಮೇಲೊಂದು ಮೂರು ಪಡಸಾಲೆ. ಕೆಳಗೆ ಅಜ್ಜಿ, ನಡುವೆ ಮಗಳು, ಮೇಲೆ ಮೊಮ್ಮಗಳು ಅಂತ ಒಂದೇ ಕುಟುಂಬ ಮೂರು ತಲೆಮಾರು ಇರುವುದುಂಟು. ಸಸ್ಪೆನ್ಸ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗುವುದಿಲ್ಲ. ಮೇಲಿನವರ ಹೆಜ್ಜೆ ಸದ್ದು ಕೆಳಗೆ ಕೇಳುತ್ತದೆ. ಹಿಂದಿನ ಮೆಟ್ಟಿಲಲ್ಲಿ ಯಾರು ಹತ್ತಿದರು, ಯಾವಾಗ ಇಳಿದರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾದರೂ ಯಾರೂ ಕೇಳುವುದಿಲ್ಲ.

ನನ್ನ ಮೊದಲ ದೊಡ್ಡ ತಪ್ಪು ಇಲ್ಲೇ ಆಯಿತು. ಕಥೆಯ ಗುಟ್ಟೆಲ್ಲ ಒಂದು ಉಂಗುರದಲ್ಲಿದೆ, ಅದನ್ನು ಅಟ್ಟದಲ್ಲಿ ಬಚ್ಚಿಟ್ಟಿದ್ದೆ. ಮಲೆನಾಡಿನವಳು ನಾನು, ಬಚ್ಚಿಡುವ ಜಾಗ ಅಂದರೆ ನನಗೆ ಅಟ್ಟವೇ. ಒಂದು ಭಾನುವಾರ ಡಾರ್ಚೆಸ್ಟರ್ ಅವೆನ್ಯೂ ಉದ್ದಕ್ಕೂ ತಲೆ ಎತ್ತಿಕೊಂಡು ನಡೆದೆ. ಕಂಡ ಮನೆಗಳಲ್ಲಿ ಎಷ್ಟೋ ಮನೆಗೆ ಚಪ್ಪಟೆ ಮಾಡು. ಅಟ್ಟ ಎಲ್ಲಿಂದ ಬರಬೇಕು? ಮೂರು ಅಧ್ಯಾಯ ಕಿತ್ತು ಉಂಗುರವನ್ನು ನೆಲಮಾಳಿಗೆಗೆ ಇಳಿಸಿದೆ. ಅಲ್ಲಿ ಮೂರು ಮನೆಗೂ ಒಂದೊಂದು ಮರದ ಗೂಡು ಮಾಡಿ, ಒಂದೊಂದು ಬೀಗ ಹಾಕಿಸಿದೆ. ಯಾವ ಗೂಡಿನ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದೇ ಆಮೇಲೆ ಕಥೆಯ ಒಂದು ಎಳೆಯಾಯಿತು.

ಇನ್ನು ಅಪರಾಧ. ಬಾಸ್ಟನ್ ಪಬ್ಲಿಕ್ ಲೈಬ್ರರಿಯ ಕಾಪ್ಲಿ ಸ್ಕ್ವೇರ್ ಕಟ್ಟಡದಲ್ಲಿ ಕೂತು ಹಳೆಯ ಪತ್ರಿಕೆಗಳ ಮೈಕ್ರೋಫಿಲ್ಮ್ ತಿರುಗಿಸುತ್ತಿದ್ದೆ. ಏನು ಹುಡುಕುತ್ತಿದ್ದೇನೆ ಅಂತ ನನಗೇ ಸರಿಯಾಗಿ ಗೊತ್ತಿರಲಿಲ್ಲ. 1980ರ ದಶಕದ ಮೊದಲ ವರ್ಷಗಳು ಬಂದಾಗ ಕೈ ನಿಂತಿತು. 1980ರಲ್ಲಿ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಜನ ಆಸ್ತಿ ತೆರಿಗೆಗೆ ಮಿತಿ ಹಾಕುವ ಕಾನೂನಿಗೆ ಮತ ಹಾಕಿದರು. ಅದರ ಹೆಸರು ಪ್ರಪೋಸಿಷನ್ ಎರಡೂವರೆ. ನಗರದ ಖಜಾನೆಗೆ ಹಣ ಕಡಿಮೆಯಾಯಿತು. ಅಗ್ನಿಶಾಮಕ ದಳದವರು, ಪೊಲೀಸರು ಕೆಲಸ ಕಳೆದುಕೊಂಡರು. ಆಮೇಲೆ, 1982 ಮತ್ತು 1983ರಲ್ಲಿ, ಊರಲ್ಲಿ ಒಂದಾದ ಮೇಲೊಂದು ಬೆಂಕಿ. ಇನ್ನೂರಕ್ಕೂ ಹೆಚ್ಚು ಬೆಂಕಿಗಳ ಹಿಂದೆ ಒಂದೇ ಗುಂಪು ಇತ್ತು ಅಂತ 1984ರಲ್ಲಿ ಹೊರಬಂತು. ಬೆಂಕಿ ಜಾಸ್ತಿಯಾದರೆ ನಗರ ಮತ್ತೆ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳಲೇಬೇಕು ಅನ್ನುವುದು ಅವರ ಲೆಕ್ಕ. ಬೆಂಕಿ ಆರಿಸುವುದನ್ನು ಪ್ರೀತಿಸುವವರೇ ಬೆಂಕಿ ಹಚ್ಚಿದ್ದರು.

ಆ ದಿನ ಲೈಬ್ರರಿಯಿಂದ ಹೊರಬಂದು ಕಾಮನ್‌ವೆಲ್ತ್ ಅವೆನ್ಯೂಗೆ ನಡೆದೆ. ಅಲ್ಲಿ ವೆಂಡೋಮ್ ಸ್ಮಾರಕವಿದೆ. 1972ರ ಜೂನ್ 17ರಂದು ವೆಂಡೋಮ್ ಹೋಟೆಲಿನ ಬೆಂಕಿ ಆರಿಸಿದ ಮೇಲೆ ಕಟ್ಟಡ ಕುಸಿದು ಒಂಬತ್ತು ಜನ ಅಗ್ನಿಶಾಮಕರು ಸತ್ತರು. ತಗ್ಗಾದ ಕಪ್ಪು ಗ್ರಾನೈಟ್ ಗೋಡೆ, ಅದರ ಮೇಲೆ ಕಂಚಿನ ಹೆಲ್ಮೆಟ್ಟು ಮತ್ತು ಕೋಟು, ಯಾರೋ ಈಗಷ್ಟೇ ಬಿಚ್ಚಿಟ್ಟು ಹೋದ ಹಾಗೆ. ಅಲ್ಲಿ ತುಂಬಾ ಹೊತ್ತು ಕೂತೆ. ಬಾಸ್ಟನ್ನಿನ ಐರಿಷ್ ಮನೆಗಳಲ್ಲಿ ಅಗ್ನಿಶಾಮಕ ದಳ ಅಂದರೆ ಬರೀ ನೌಕರಿ ಅಲ್ಲ. ಅಪ್ಪ ಮಾಡಿದ್ದನ್ನು ಮಗ, ಮಗ ಮಾಡಿದ್ದನ್ನು ಮೊಮ್ಮಗ ಮಾಡುವ ಮನೆತನದ ಗೌರವ. ಅಂಥ ಮನೆಯಲ್ಲಿ ಹುಟ್ಟಿದವನೊಬ್ಬ ಬೆಂಕಿ ಹಚ್ಚಿದರೆ? ಆ ಬೆಂಕಿಯಲ್ಲಿ ಒಬ್ಬಳು ಸತ್ತುಹೋದರೆ? ಅಲ್ಲೇ ಕೂತಲ್ಲಿ ಜಿಮ್ಮಿ ನನಗೆ ಸಿಕ್ಕ.

ನಿಜ ಪ್ರಕರಣದ ಯಾರನ್ನೂ ನಾನು ಮುಟ್ಟಲಿಲ್ಲ. ಜಿಮ್ಮಿ ಪೂರ್ತಿ ಕಲ್ಪನೆ. 1981ರಲ್ಲಿ ಕೆಲಸ ಹೋಯಿತು. 1983ರ ಚಳಿಗಾಲದಲ್ಲಿ ಸ್ನೇಹಿತನೊಬ್ಬನ ಮಾತು ಕೇಳಿ ಖಾಲಿ ಗೋದಾಮಿಗೆ ಬೆಂಕಿ ಇಟ್ಟ. ಒಳಗೆ ಒಬ್ಬ ಹುಡುಗಿ ಮಲಗಿದ್ದಳು. ಅವಳ ಉಂಗುರವನ್ನು ಮೂವತ್ತೆರಡು ವರ್ಷ ಡಬ್ಬಿಯಲ್ಲಿ ಇಟ್ಟುಕೊಂಡ. ಕಾದಂಬರಿ ನಡೆಯುವುದು 2015ರಲ್ಲಿ. ಮ್ಯಾಸಚೂಸೆಟ್ಸಿನಲ್ಲಿ ಕೊಲೆ ಆರೋಪಕ್ಕೆ ಕಾಲಮಿತಿ ಇಲ್ಲ. ಎಷ್ಟು ವರ್ಷ ಕಳೆದರೂ ಕೇಸು ಹಾಕಬಹುದು. ಈ ಒಂದು ಸಂಗತಿ ನನ್ನ ಇಡೀ ಕಥೆಯನ್ನು ಎತ್ತಿ ಹಿಡಿದಿದೆ. ಇದಿಲ್ಲದಿದ್ದರೆ ಹಳೆಯ ಗುಟ್ಟು ಬರೀ ಹಳೆಯ ನೋವಾಗಿ ಉಳಿಯುತ್ತಿತ್ತು, ಅಪಾಯ ಆಗುತ್ತಿರಲಿಲ್ಲ.

2015ನ್ನು ಆರಿಸಿದ್ದಕ್ಕೆ ಕಾರಣ ಹಿಮ. ಆ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ 100 ಇಂಚಿಗೂ ಹೆಚ್ಚು ಹಿಮ ಬಿತ್ತು. ಊರಿನ ದಾಖಲೆ ಅದು. ಫೆಬ್ರವರಿ 10ರಂದು ಇಡೀ ದಿನ ರೈಲುಗಳೇ ಓಡಲಿಲ್ಲ. ನಾನು ಆಗ ಇಲ್ಲೇ ಇದ್ದೆ, ಆ ಬಿಳಿ ಗೋಡೆಗಳು ಇನ್ನೂ ಕಣ್ಣಲ್ಲಿವೆ. ಆಗ ನೋಡಿದ್ದ ಒಂದು ಪದ್ಧತಿ ತುಂಬಾ ಉಪಯೋಗಕ್ಕೆ ಬಂತು. ಬೀದಿಯಲ್ಲಿ ಕಾರು ನಿಲ್ಲಿಸಲು ಹಿಮ ತೋಡಿ ಜಾಗ ಮಾಡಿಕೊಂಡವರು, ಕಾರು ತೆಗೆದುಕೊಂಡು ಹೋಗುವಾಗ ಅಲ್ಲಿ ಒಂದು ಹಳೆಯ ಕುರ್ಚಿ ಇಟ್ಟು ಹೋಗುತ್ತಾರೆ. ಆ ಕುರ್ಚಿ ಸರಿಸುವ ಧೈರ್ಯ ಅಕ್ಕಪಕ್ಕದವರು ಮಾಡುವುದಿಲ್ಲ. ನನ್ನ ಕಾದಂಬರಿ ಶುರುವಾಗುವುದೇ ಮ್ಯಾನಿಯನ್ ಮನೆ ಮುಂದಿನ ಕುರ್ಚಿ ಕಾಣೆಯಾಗುವುದರಿಂದ. ಹೊರಗಿನವನೊಬ್ಬ ಬೀದಿಗೆ ಬಂದಿದ್ದಾನೆ ಅಂತ ಓದುಗರಿಗೆ ಆಗಲೇ ತಿಳಿಯುತ್ತದೆ.

ಆ ಹೊರಗಿನವನು ಮಾರ್ಕ್. ವುಸ್ಟರಿನಿಂದ ಮಾಡಿನ ಹಿಮ ಎತ್ತಿಹಾಕುವ ಕೆಲಸಕ್ಕೆ ಬಂದವನು. ದತ್ತು ಮಗ. ಗೋದಾಮಿನಲ್ಲಿ ಸತ್ತವಳು ಅವನ ಹೆತ್ತ ತಾಯಿ. ಅವನ ಹತ್ತಿರ ಇರುವುದು ಅವಳ ಒಂದೇ ಫೋಟೋ. ಮೂರನೇ ಮಹಡಿಯಲ್ಲಿರುವ ನೋರಾ ಜಿಮ್ಮಿಯ ಅಕ್ಕನ ಮಗಳು.

ಇಲ್ಲಿ ನಾನು ಮಾಡಿದ ಎರಡನೇ ತಪ್ಪನ್ನು ಹೇಳಲೇಬೇಕು. ಬೇರೆ ಭಾಷೆಯವರು ಈ ತಪ್ಪು ಮಾಡುತ್ತಿರಲಿಲ್ಲವೇನೋ. ಮೊದಲ ಕರಡಿನಲ್ಲಿ ಕೊನೆಯ ಆಘಾತಕ್ಕೆ ಅಂತ ಜಿಮ್ಮಿಯನ್ನೇ ಮಾರ್ಕನ ತಂದೆ ಮಾಡಿದ್ದೆ. ಸತ್ತವಳ ಪ್ರಿಯಕರನೇ ಗೊತ್ತಿಲ್ಲದೆ ಬೆಂಕಿ ಇಟ್ಟ ಅನ್ನುವ ದುರಂತ. ನನಗೆ ಅದು ತುಂಬಾ ಇಷ್ಟವಾಗಿತ್ತು. ಆಸ್ಪತ್ರೆಯಲ್ಲಿ ಜೊತೆ ಕೆಲಸ ಮಾಡುತ್ತಿದ್ದ, ಅಜ್ಜ ಐರ್ಲೆಂಡಿನ ಗಾಲ್ವೇಯಿಂದ ಬಂದ ಗೆಳತಿಯೊಬ್ಬಳಿಗೆ ಕಥೆ ಹೇಳಿದೆ. ಅವಳು ಕಾಫಿ ಕೆಳಗಿಟ್ಟು ನನ್ನನ್ನೇ ನೋಡಿದಳು. "ಹಾಗಾದರೆ ಇವರಿಬ್ಬರೂ ಕಸಿನ್ಸ್ ಅಲ್ವಾ?" ಅಂದಳು. ಹೌದಲ್ಲ! ಜಿಮ್ಮಿ ನೋರಾಳ ಸೋದರಮಾವ. ಮಾರ್ಕ್ ಸೋದರಮಾವನ ಮಗ. ನಮ್ಮ ಕಡೆ ಅದು ಕೇಳಿ ಮಾಡುವ ಸಂಬಂಧ, ಸೋದರಿಕೆ. ನನ್ನ ಅಮ್ಮನ ಕಡೆಯ ಎರಡು ಮದುವೆ ಹಾಗೇ ಆಗಿವೆ. ಹಾಗಾಗಿ ನನ್ನ ಕಣ್ಣಿಗೆ ಅದು ಬೀಳಲೇ ಇಲ್ಲ. ಮ್ಯಾಸಚೂಸೆಟ್ಸಿನ ಕಾನೂನಿನಲ್ಲಿ ಅಂಥ ಮದುವೆಗೆ ಅಡ್ಡಿಯಿಲ್ಲ. ಆದರೆ ಕ್ಯಾಥೊಲಿಕ್ ಚರ್ಚಿನ ನಿಯಮದಲ್ಲಿ ವಿಶೇಷ ಅನುಮತಿ ಇಲ್ಲದೆ ಆಗುವುದಿಲ್ಲ. ಡಾರ್ಚೆಸ್ಟರಿನ ಐರಿಷ್ ಮನೆಯಲ್ಲಿ ಅದನ್ನು ಕೇಳಿದರೆ ಪ್ರೇಮಕಥೆ ಅಲ್ಲೇ ಸತ್ತುಹೋಗುತ್ತದೆ. ತಂದೆಯನ್ನು ಬದಲಾಯಿಸಿದೆ. ಆ ರಾತ್ರಿ ಜಿಮ್ಮಿಯ ಜೊತೆ ಬಂದಿದ್ದ ಸ್ನೇಹಿತನೇ ಮಾರ್ಕನ ತಂದೆ. ಒಳಗೆ ಅವಳಿದ್ದಾಳೆ ಅಂತ ಅವನಿಗೆ ಗೊತ್ತಿತ್ತು. ಈಗ ಅವನು ಪ್ಯಾರಿಷ್‌ನಲ್ಲಿ, ಅಂದರೆ ಅವರ ಚರ್ಚಿನ ಬಳಗದಲ್ಲಿ, ಎಲ್ಲರೂ ಮರ್ಯಾದೆ ಕೊಡುವ ಹಿರಿಯ. ಈ ಬದಲಾವಣೆಯಿಂದ ಕಥೆಗೆ ಒಬ್ಬ ನಿಜವಾದ ಖಳ ಸಿಕ್ಕಿದ. ಜಿಮ್ಮಿಯ ತಪ್ಪಿಗೆ ಅದರದೇ ತೂಕ ಉಳಿಯಿತು.

ಆಮೇಲಿನಿಂದ ವಂಶವೃಕ್ಷ ಬರೆದು ಗೋಡೆಗೆ ಅಂಟಿಸಿಕೊಂಡೇ ಕೂರುತ್ತಿದ್ದೆ.

ಈ ಪ್ರಸಂಗದಿಂದ ಇನ್ನೊಂದು ಸಮಸ್ಯೆ ಎದ್ದಿತು. ಇಂಗ್ಲಿಷಿನಲ್ಲಿ ಜಿಮ್ಮಿ ಅಂದರೆ ಬರೀ 'ಅಂಕಲ್'. ಅಪ್ಪನ ತಮ್ಮನೋ, ಅಮ್ಮನ ತಮ್ಮನೋ ಅಂತ ಆ ಪದ ಹೇಳುವುದಿಲ್ಲ. ಕನ್ನಡದಲ್ಲಿ ಬಾಯಿ ತೆರೆದರೆ ಹೇಳಲೇಬೇಕು, ಚಿಕ್ಕಪ್ಪನೋ ಮಾವನೋ. 'ಅಂಕಲ್ ಜಿಮ್ಮಿ' ಅಂತಲೇ ಬಿಡೋಣ ಅಂದುಕೊಂಡೆ. ಆದರೆ ನಮ್ಮಲ್ಲಿ ಅಂಕಲ್ ಅಂದರೆ ಪಕ್ಕದ ಮನೆಯವರು, ಬಸ್ಸಿನಲ್ಲಿ ಸಿಕ್ಕವರು. ಅದರಲ್ಲಿ ರಕ್ತಸಂಬಂಧವೇ ಇಲ್ಲ. ಕೊನೆಗೆ 'ಜಿಮ್ಮಿ ಮಾವ' ಅಂತ ಬರೆದೆ. ಬರೆದ ಕೂಡಲೇ ಅವನು ಬದಲಾದ. ಮಾವ ಅನ್ನುವ ಪದದಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದವನ ನೆನಪಿದೆ. ನೋರಾಳನ್ನು ಅವನು ಚಿಕ್ಕಂದಿನಲ್ಲಿ ಕ್ಯಾಸಲ್ ಐಲೆಂಡಿನ ಸಮುದ್ರದಂಡೆಗೆ ಕರೆದುಕೊಂಡು ಹೋಗುವ ಪುಟ ಆ ಪದದಿಂದಲೇ ಹುಟ್ಟಿತು. ಅವನು ಮಾಡಿದ್ದು ಗೊತ್ತಾದಾಗ ನೋರಾಳಿಗೆ ಎಷ್ಟು ನೋವಾಗುತ್ತದೆ ಅಂತ ನಾನು ವಿವರಿಸುವ ಅಗತ್ಯವೇ ಬರಲಿಲ್ಲ.

ಅಜ್ಜಿಯ ಹೆಸರೂ ಕಾಡಿತು. ಬಾಸ್ಟನ್ನಿನ ಐರಿಷ್ ಮನೆಗಳಲ್ಲಿ ಅಜ್ಜಿಗೆ 'ನ್ಯಾನಾ' ಅನ್ನುವುದು ರೂಢಿ. ಕನ್ನಡದಲ್ಲಿ 'ನಾನಾ' ಅಂತ ಬರೆದರೆ ನಾನಾ ತರಹ ಅಂತ ಓದಿಕೊಳ್ಳುತ್ತಾರೆ. ಹಿಂದಿ ಗೊತ್ತಿರುವವರಿಗೆ ಅದು ತಾಯಿಯ ತಂದೆ. 'ಅಜ್ಜಿ' ಅಂದರೆ ಮಡಿಸೀರೆ ಉಟ್ಟ ನನ್ನ ಅಜ್ಜಿಯೇ ಬಂದು ನಿಲ್ಲುತ್ತಾರೆ. 'ನ್ಯಾನಾ' ಅಂತಲೇ ಇಟ್ಟೆ. ಹತ್ತು ಪುಟ ಓದುವಷ್ಟರಲ್ಲಿ ಕಿವಿಗೆ ಒಗ್ಗುತ್ತದೆ.

ಮಾತಿನ ಧಾಟಿಯಲ್ಲಿ ಒಂದು ಪ್ರಯೋಗ ಮಾಡಿ ಸೋತೆ. ನ್ಯಾನಾ ಐರ್ಲೆಂಡಿನ ಕಾನೆಮರಾದಿಂದ, ಐರಿಷ್ ಭಾಷೆ ಮಾತಾಡುವ ಕಡೆಯಿಂದ, ಬಂದವಳು. ಉಳಿದವರಿಗಿಂತ ಅವಳ ಮಾತು ಬೇರೆ ಅಂತ ತೋರಿಸಲು ಧಾರವಾಡದ ಕನ್ನಡ ಹಾಕಿದೆ. "ಯಾಕವ್ವಾ, ಊಟ ಆತೇನು" ಅಂತ ಅವಳು ಕೇಳಿದ ತಕ್ಷಣ ಹೊರಗಿನ ಹಿಮ ಕರಗಿ ಸಾಧನಕೇರಿ ಬಂದುಬಿಟ್ಟಿತು. ತೆಗೆದುಹಾಕಿದೆ. ಬದಲಿಗೆ ಅವಳ ವಾಕ್ಯಗಳನ್ನು ಚಿಕ್ಕದು ಮಾಡಿದೆ. ಐರಿಷ್ ಭಾಷೆಯಲ್ಲಿ ಹೌದು, ಇಲ್ಲ ಅನ್ನುವುದಕ್ಕೆ ಒಂದೊಂದು ಪದ ಇಲ್ಲ. ಕೇಳಿದ ಕ್ರಿಯಾಪದವನ್ನೇ ಮರಳಿ ಹೇಳಬೇಕು. "ಬಂದಿದ್ದನಾ?" "ಬಂದಿದ್ದ." ಕನ್ನಡದಲ್ಲೂ ನಾವು ಹಾಗೇ ಅಲ್ವಾ ಉತ್ತರಿಸುವುದು? ನ್ಯಾನಾ ಒಬ್ಬಳೇ 'ಹೌದು' 'ಇಲ್ಲ' ಅನ್ನದ ಹಾಗೆ ಮಾಡಿದೆ. ಓದುಗರು ಇದನ್ನು ಗುರುತಿಸಬೇಕು ಅಂತಿಲ್ಲ. ಅವಳು ಒಮ್ಮೆ ಮಾತ್ರ, ಪೊಲೀಸನ ಪ್ರಶ್ನೆಗೆ, ಬರೀ "ಇಲ್ಲ" ಅನ್ನುತ್ತಾಳೆ. ಅದು ಅವಳು ಹೇಳಿದ ಒಂದೇ ಸುಳ್ಳು.

ಈಗ ಗೆಳತಿಯ ಮೊದಲ ಮಾತಿಗೆ ಬರುತ್ತೇನೆ. ಇವರು ತೀರ್ಥಹಳ್ಳಿಯವರ ಹಾಗೆ ಯಾಕಿದ್ದರು? ಯಾಕೆಂದರೆ ಎಲ್ಲರೂ ಎಲ್ಲವನ್ನೂ ಹೇಳುತ್ತಿದ್ದರು. ನಾನು ಓದಿದ, ಕಂಡ ಐರಿಷ್ ಅಮೆರಿಕನ್ ಮನೆಗಳಲ್ಲಿ ಮಾತಿಗೆ ಬರವಿಲ್ಲ. ಕಥೆ ಹೇಳುತ್ತಾರೆ, ನಗಿಸುತ್ತಾರೆ, ಹಾಡುತ್ತಾರೆ. ಆದರೆ ನೋವಿನ ವಿಷಯದ ಸುತ್ತ ಒಂದು ಬೇಲಿ ಇರುತ್ತದೆ. ಮಾತು ಆ ಬೇಲಿಯವರೆಗೆ ಬಂದು ಪಕ್ಕಕ್ಕೆ ತಿರುಗುತ್ತದೆ. ಇದಕ್ಕೆ ಹಳೆಯ ಕಾರಣಗಳಿವೆ ಅನ್ನಿಸುತ್ತದೆ. 1845ರಿಂದ ಆಲೂಗೆಡ್ಡೆ ಬೆಳೆ ರೋಗ ಬಿದ್ದು ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹತ್ತು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಹಡಗು ಹತ್ತಿ ಬಂದವರಿಗೆ ಇಲ್ಲಿ ಸಿಕ್ಕಿದ್ದು ಮರ್ಯಾದೆಯಲ್ಲ. ಕೆಲಸದ ಜಾಹೀರಾತುಗಳಲ್ಲಿ ಐರಿಷರು ಅರ್ಜಿ ಹಾಕಬೇಕಿಲ್ಲ ಅಂತ ಇರುತ್ತಿತ್ತು. ಹೊರಗಿನವರ ಮುಂದೆ ಮನೆಯ ವಿಷಯ ಬೇಡ ಅನ್ನುವುದು ಅಂಥ ಕಾಲದಲ್ಲಿ ಬದುಕಿ ಉಳಿಯುವ ದಾರಿ. ಅದು ಹಾಗೇ ಇಳಿದುಬಂದಿರಬಹುದು.

ಹಾಗಾಗಿ ಎರಡನೇ ಕರಡಿಗೆ ಕೂರುವ ಮೊದಲು ಒಂದು ದೊಡ್ಡ ಕೋಷ್ಟಕ ಮಾಡಿದೆ. ಮೇಲೆ ಏಳು ಪಾತ್ರಗಳ ಹೆಸರು, ಪಕ್ಕದಲ್ಲಿ ಮೂವತ್ತನಾಲ್ಕು ಅಧ್ಯಾಯ. ಕೋಷ್ಟಕದ ಪ್ರತಿ ಚೌಕದಲ್ಲಿ ಮೂರು ಪ್ರಶ್ನೆ. ಇವರಿಗೆ ಈಗ ಏನು ಗೊತ್ತು? ಏನು ಗೊತ್ತಿಲ್ಲ ಅಂತ ನಟಿಸುತ್ತಿದ್ದಾರೆ? ಅದು ಗೊತ್ತು ಅಂತ ಬೇರೆ ಯಾರಿಗೆ ಗೊತ್ತು? ಮೂರನೇ ಪ್ರಶ್ನೆಯಲ್ಲೇ ಇಡೀ ಸಸ್ಪೆನ್ಸ್ ಇದೆ. ನೋರಾಳ ಅಮ್ಮ ಐಲೀನ್‌ಗೆ ಬೆಂಕಿಯ ವಿಷಯ ಮೊದಲಿನಿಂದ ಗೊತ್ತು. ನ್ಯಾನಾಳಿಗೂ ಗೊತ್ತು. ಆದರೆ ಇನ್ನೊಬ್ಬಳಿಗೆ ಗೊತ್ತು ಅಂತ ಇಬ್ಬರಿಗೂ ಗೊತ್ತಿಲ್ಲ. ಮೂವತ್ತೆರಡು ವರ್ಷ ತಾಯಿ ಮಗಳು ಒಬ್ಬರಿಂದ ಒಬ್ಬರು ಒಂದೇ ಗುಟ್ಟನ್ನು ಕಾಪಾಡಿಕೊಂಡು ಬಂದಿದ್ದಾರೆ. ಇದು ಕೋಷ್ಟಕದಲ್ಲಿ ಕಂಡ ದಿನ ನನಗೆ ಮೈ ಜುಂ ಅಂದಿತು. ಅದುವರೆಗೆ ಬರೆದಿದ್ದ ಕಾರು ಬೆನ್ನಟ್ಟುವ ಎರಡು ಅಧ್ಯಾಯಗಳನ್ನು ಅವತ್ತೇ ಕಿತ್ತುಹಾಕಿದೆ.

ಪ್ರೇಮ ಮತ್ತು ಅಪಾಯ ಬೇರೆ ಬೇರೆ ಹಳಿಯಲ್ಲಿ ಓಡಿದರೆ ಈ ಬಗೆಯ ಕಾದಂಬರಿ ನಿಲ್ಲುವುದಿಲ್ಲ. ಒಂದು ಅಧ್ಯಾಯ ಮುತ್ತು, ಮುಂದಿನ ಅಧ್ಯಾಯ ಸುಳಿವು ಅಂತ ಬರೆದರೆ ಓದುಗರು ಒಂದನ್ನು ಹಾರಿಸಿ ಇನ್ನೊಂದನ್ನು ಓದುತ್ತಾರೆ. ನಾನು ಇಟ್ಟುಕೊಂಡ ಪರೀಕ್ಷೆ ಸರಳ. ಈ ಪ್ರೇಮದ ದೃಶ್ಯ ತೆಗೆದರೆ ಮುಂದಿನ ಅಪಾಯ ನಡೆಯುತ್ತದಾ? ನಡೆಯುವುದಾದರೆ ದೃಶ್ಯ ಸರಿಯಿಲ್ಲ. ರೈಲು ನಿಂತ ರಾತ್ರಿ ಮಾರ್ಕ್ ವಾಪಸ್ ಹೋಗಲಾಗದೆ ಮ್ಯಾನಿಯನ್ ಮನೆಯಲ್ಲೇ ಉಳಿಯುತ್ತಾನೆ. ನೋರಾ ಅವನಿಗೆ ಹೊದಿಕೆ ತರಲು ನೆಲಮಾಳಿಗೆಗೆ ಹೋಗುತ್ತಾಳೆ. ತನ್ನ ಗೂಡಿನ ಬೀಗದ ಕೈ ಸಿಗದೆ ಮಾವನ ಗೂಡು ತೆಗೆಯುತ್ತಾಳೆ. ಡಬ್ಬಿ ಸಿಗುತ್ತದೆ. ಅವನ ಮೇಲಿನ ಅಕ್ಕರೆಯೇ ಅವಳನ್ನು ಉಂಗುರದ ಹತ್ತಿರ ಕರೆದೊಯ್ಯಿತು. ಈ ಅಧ್ಯಾಯವನ್ನು ಹದಿಮೂರು ಸಲ ಬರೆದೆ.

ಉಂಗುರ ಕ್ಲಾಡಾ ಉಂಗುರ. ಗಾಲ್ವೇ ಪಕ್ಕದ ಕ್ಲಾಡಾ ಅನ್ನುವ ಮೀನುಗಾರರ ಹಳ್ಳಿಯ ಹೆಸರು ಅದಕ್ಕೆ ಬಂದಿದೆ. ಎರಡು ಕೈಗಳು ಒಂದು ಹೃದಯವನ್ನು ಹಿಡಿದಿರುತ್ತವೆ, ಮೇಲೊಂದು ಕಿರೀಟ. ಧರಿಸುವ ರೀತಿಯಲ್ಲೇ ಮಾತಿದೆ. ಬಲಗೈಯಲ್ಲಿ ಹೃದಯದ ತುದಿ ಉಗುರಿನ ಕಡೆಗಿದ್ದರೆ ಮನಸ್ಸು ಯಾರಿಗೂ ಕೊಟ್ಟಿಲ್ಲ ಅಂತ. ತುದಿ ಮಣಿಕಟ್ಟಿನ ಕಡೆಗೆ ತಿರುಗಿದ್ದರೆ ಕೊಟ್ಟಾಗಿದೆ ಅಂತ. ಎಡಗೈಯಲ್ಲಿ ಹಾಗೆ ಹಾಕಿದರೆ ಮದುವೆಯಾಗಿದೆ. ನಮ್ಮ ಕಾಲುಂಗುರ, ತಾಳಿ ಓದಲು ಬರುವ ಯಾವ ಕನ್ನಡ ಓದುಗರಿಗೂ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ. ಹಳೆಯ ಪೊಲೀಸ್ ವರದಿಯಲ್ಲಿ ಸತ್ತವಳಿಗೆ ಯಾರೂ ಇರಲಿಲ್ಲ ಅಂತ ಇದೆ. ಮಾರ್ಕನ ಹತ್ತಿರದ ಫೋಟೋದಲ್ಲಿ ಹೃದಯದ ತುದಿ ಮಣಿಕಟ್ಟಿನ ಕಡೆಗಿದೆ. ಯಾರೋ ಇದ್ದರು. ಇದನ್ನು ನಾನು ಹನ್ನೆರಡನೇ ಅಧ್ಯಾಯದಲ್ಲೇ ಓದುಗರ ಕಣ್ಣ ಮುಂದೆ ಇಟ್ಟಿದ್ದೇನೆ. ಅರ್ಥ ತಿಳಿಯುವುದು ಇಪ್ಪತ್ತಾರನೆಯದರಲ್ಲಿ.

ಪಾದ್ರಿಯ ವಿಷಯದಲ್ಲಿ ಒಬ್ಬ ಕ್ಯಾಥೊಲಿಕ್ ಓದುಗರು ನನ್ನನ್ನು ಉಳಿಸಿದರು. ಜಿಮ್ಮಿ ಮಾವ ಚರ್ಚಿನಲ್ಲಿ ಪಾಪನಿವೇದನೆ ಮಾಡಿಕೊಂಡಿರುತ್ತಾನೆ. ಅದನ್ನು ಕೇಳಿದ ಪಾದ್ರಿ ನೋರಾಳಿಗೆ ಒಂದು ಸಣ್ಣ ಸೂಚನೆ ಕೊಡುವ ಹಾಗೆ ಬರೆದಿದ್ದೆ. "ಇದು ಆಗಲ್ಲ. ಮಾತಿನಿಂದಲೂ ಅಲ್ಲ, ಮುಖದಿಂದಲೂ ಅಲ್ಲ. ಕೇಳಿದ್ದನ್ನು ಯಾವ ರೀತಿಯಲ್ಲೂ ಬಳಸುವ ಹಾಗಿಲ್ಲ" ಅಂದರು ಅವರು. ಗುಟ್ಟು ಒಡೆದ ಪಾದ್ರಿಗೆ ಬಹಿಷ್ಕಾರವೇ ಶಿಕ್ಷೆ. ಮೊದಲು ನನಗೆ ಬೇಜಾರಾಯಿತು, ಒಳ್ಳೆಯ ದೃಶ್ಯ ಹೋಯಿತಲ್ಲ ಅಂತ. ಮತ್ತೆ ಬರೆದಾಗ ಪಾದ್ರಿ ಭಾನುವಾರದ ಊಟಕ್ಕೆ ಬರುತ್ತಾರೆ, ಜಿಮ್ಮಿ ಮಾವನ ಪಕ್ಕದಲ್ಲೇ ಕೂರುತ್ತಾರೆ, ಆಲೂಗೆಡ್ಡೆ ಬಡಿಸಿಕೊಳ್ಳುತ್ತಾರೆ, ರೆಡ್ ಸಾಕ್ಸ್ ತಂಡದ ಬಗ್ಗೆ ಮಾತಾಡುತ್ತಾರೆ. ಅವರಿಗೆ ಎಲ್ಲ ಗೊತ್ತು ಅಂತ ಓದುಗರಿಗೆ ಗೊತ್ತು. ಇಡೀ ಕಾದಂಬರಿಯಲ್ಲಿ ಉಸಿರು ಬಿಗಿಹಿಡಿದು ಓದಿದ ದೃಶ್ಯ ಇದೇ ಅಂತ ಮೂರು ಜನ ನನಗೆ ಹೇಳಿದ್ದಾರೆ.

ಅಂದಹಾಗೆ ಆ ಊಟದಲ್ಲಿ ಕಾರ್ನ್ಡ್ ಬೀಫ್ ಮತ್ತು ಕೋಸು ಇರುವಾಗ ನ್ಯಾನಾ ಒಂದು ಮಾತು ಹೇಳುತ್ತಾಳೆ, ತಮ್ಮ ಊರಲ್ಲಿ ಇದನ್ನು ಯಾರೂ ತಿನ್ನುತ್ತಿರಲಿಲ್ಲ ಅಂತ. ಅಲ್ಲಿ ಹಂದಿಮಾಂಸ ಮತ್ತು ಕೋಸು. ಇಲ್ಲಿ ಬಂದ ಮೇಲೆ ಸಿಕ್ಕಿದ್ದು ಗೋಮಾಂಸ, ಅದೇ ಅಮೆರಿಕದ ಐರಿಷ್ ಅಡುಗೆಯಾಯಿತು. ಊರು ಬಿಟ್ಟು ಬಂದವರ ಅಡುಗೆ ಹೇಗೆ ಬದಲಾಗುತ್ತದೆ ಅಂತ ನನಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕ್ವಿನ್ಸಿಯಲ್ಲಿ ನಾನು ಪತ್ರೊಡೆಗೆ ಕೆಸುವಿನೆಲೆ ಸಿಗದೆ ಬೇರೆ ಸೊಪ್ಪಿನಲ್ಲಿ ಮಾಡುತ್ತೇನೆ. ನನ್ನ ಮಗಳಿಗೆ ಅದೇ ಪತ್ರೊಡೆ.

ನ್ಯಾನಾಳ ಸಾವಿನ ಅಧ್ಯಾಯಕ್ಕೆ ಹೆದರಿದ್ದೆ. ಹಳೆಯ ಐರಿಷ್ ಪದ್ಧತಿಯಲ್ಲಿ ಮನೆಯಲ್ಲೇ ಹೆಣ ಇಟ್ಟು ರಾತ್ರಿಯಿಡೀ ಎಚ್ಚರವಿರುತ್ತಿದ್ದರು. ಗಡಿಯಾರ ನಿಲ್ಲಿಸುತ್ತಿದ್ದರು, ಕನ್ನಡಿಗೆ ಬಟ್ಟೆ ಮುಚ್ಚುತ್ತಿದ್ದರು, ಆತ್ಮ ಹೊರಹೋಗಲಿ ಅಂತ ಕಿಟಕಿ ತೆರೆಯುತ್ತಿದ್ದರು. ಈಗ ಬಾಸ್ಟನ್ನಿನಲ್ಲಿ ಅದು ಫ್ಯೂನರಲ್ ಹೋಮ್‌ನಲ್ಲಿ ಒಂದು ಸಂಜೆ ನಡೆಯುತ್ತದೆ. ಹೆಸರು ಮಾತ್ರ ಅದೇ, ವೇಕ್. ಮನೆಯವರು ಸಾಲಾಗಿ ನಿಲ್ಲುತ್ತಾರೆ, ಬಂದವರು ಒಬ್ಬೊಬ್ಬರ ಕೈ ಹಿಡಿದು ಸಂತಾಪ ಹೇಳಿ ಮುಂದೆ ಹೋಗುತ್ತಾರೆ. ಆ ಸಂತಾಪದ ಮಾತನ್ನು ಕನ್ನಡದಲ್ಲಿ ಹೇಗೆ ತರುವುದು? ನೇರವಾಗಿ ತಂದದ್ದೆಲ್ಲ ಸರ್ಕಾರಿ ಪತ್ರದ ಹಾಗಿತ್ತು. ನಮ್ಮಲ್ಲಿ ಸಾವಿನ ಮನೆಗೆ ಹೋದರೆ ಏನು ಹೇಳುತ್ತೇವೆ? ಸುಮ್ನೆ ಕೂರುತ್ತೇವೆ. ಹೆಚ್ಚೆಂದರೆ "ಹೋಗ್ಬಿಟ್ರಲ್ಲ" ಅನ್ನುತ್ತೇವೆ. ಅದನ್ನೇ ಹಾಕಿದೆ. ನೂರಾರು ಜನ ಒಬ್ಬೊಬ್ಬರಾಗಿ "ಹೋಗ್ಬಿಟ್ರಲ್ಲ" ಅನ್ನುತ್ತಾ ಸಾಲಿನಲ್ಲಿ ಸಾಗುತ್ತಾರೆ. ಆ ಖಳನೂ ಬರುತ್ತಾನೆ. ಅವನು ನೋರಾಳ ಕೈ ಹಿಡಿದು ಬೇರೇನೋ ಹೇಳುತ್ತಾನೆ. ಆ ಒಂದು ವಾಕ್ಯಕ್ಕೆ ಸಾಲು ಕಟ್ಟಿದ ಆ ಎಲ್ಲ 'ಹೋಗ್ಬಿಟ್ರಲ್ಲ'ಗಳು ಬೇಕಾಗಿದ್ದವು.

ನನಗೆ ಈ ಪುಸ್ತಕದಲ್ಲಿ ಅತ್ಯಂತ ಪ್ರೀತಿಯ ಭಾಗ ಮಾತ್ರ ಬೇರೆ. ಇಂಗ್ಲಿಷಿನಲ್ಲಿ 'ಯೂ' ಒಂದೇ. ಕನ್ನಡದಲ್ಲಿ ನೋರಾ ಮತ್ತು ಮಾರ್ಕ್ ಒಬ್ಬರಿಗೊಬ್ಬರು ನೀವು ಅನ್ನುತ್ತಾರೋ, ನೀನು ಅನ್ನುತ್ತಾರೋ? ಮೊದಲ ವಾಕ್ಯದಲ್ಲೇ ನಿರ್ಧಾರ ಆಗಬೇಕು. ಮೊದಲು ಇದು ತೊಂದರೆ ಅನ್ನಿಸಿತ್ತು. ಅಮೆರಿಕದವರು ಇಷ್ಟು ಔಪಚಾರಿಕವಾಗಿ ಮಾತಾಡುತ್ತಾರಾ ಅಂತ ಅನುಮಾನ. ಆದರೂ 'ನೀವು' ಇಂದ ಶುರು ಮಾಡಿದೆ. ಹತ್ತೊಂಬತ್ತನೇ ಅಧ್ಯಾಯದಲ್ಲಿ, ಮಾಡಿನ ಮೇಲೆ ಮಾರ್ಕ್ ಜಾರಿದಾಗ ನೋರಾ ಅವನ ತೋಳು ಹಿಡಿದು "ನಿನಗೇನಾದರೂ ಆಗಿದ್ದರೆ" ಅನ್ನುತ್ತಾಳೆ. ಇಬ್ಬರೂ ಸುಮ್ಮನಾಗುತ್ತಾರೆ. ಮುತ್ತಿಲ್ಲ, ಬೇರೇನೂ ಇಲ್ಲ. 'ನಿಮಗೆ' ಹೋಗಿ 'ನಿನಗೆ' ಬಂತು, ಅಷ್ಟೇ. ಇಂಗ್ಲಿಷಿನಲ್ಲಿ ಬರೆದಿದ್ದರೆ ಈ ಕ್ಷಣ ನನಗೆ ಸಿಗುತ್ತಲೇ ಇರಲಿಲ್ಲ.

ಇಪ್ಪತ್ತೊಂಬತ್ತನೇ ಅಧ್ಯಾಯದಲ್ಲಿ ಉಂಗುರ ಯಾರ ಗೂಡಿನಲ್ಲಿತ್ತು ಅಂತ ಮಾರ್ಕನಿಗೆ ತಿಳಿಯುತ್ತದೆ. ನೋರಾಳಿಗೆ ಇಷ್ಟು ದಿನ ಗೊತ್ತಿತ್ತು ಅಂತಲೂ ತಿಳಿಯುತ್ತದೆ. ಅವನು ಕೂಗುವುದಿಲ್ಲ. "ನೀವು ಇದನ್ನು ಯಾವಾಗ ನೋಡಿದಿರಿ?" ಅಂತ ಕೇಳುತ್ತಾನೆ. ಆ 'ನೀವು' ಬರೆದ ಮೇಲೆ ನಾನು ಎದ್ದು ಹೊರಗೆ ಹೋಗಿ ನಿಂತಿದ್ದೆ.

ಬರೆದು ಮುಗಿಸಲು ಮೂರು ವರ್ಷ ಹಿಡಿಯಿತು, ಜಾಸ್ತಿ ಕೆಲಸ ಬೆಳಗಿನ ಐದರಿಂದ ಏಳರವರೆಗೆ. ಒಂದು ಪ್ರಕಾಶನದವರು ಕಥೆಯನ್ನು ಬೆಂಗಳೂರಿಗೆ ಬದಲಾಯಿಸಿ ಕೊಡಿ ಅಂದರು. ಬಾಸ್ಟನ್ ಯಾರಿಗೆ ಬೇಕು ಅಂತ ಕೇಳಿದರು. ನಾನು ಒಪ್ಪಲಿಲ್ಲ. ಆ ಹಿಮ, ಆ ಮೂರು ಮಹಡಿ, ಆ ಕೆಲಸ ಕಳೆದುಕೊಂಡ ಅಗ್ನಿಶಾಮಕರು ಇಲ್ಲದೆ ಜಿಮ್ಮಿ ಮಾವ ಇಲ್ಲ. ಒಂದು ವರ್ಷದ ನಂತರ ಇನ್ನೊಬ್ಬರು ಇದ್ದ ಹಾಗೇ ತೆಗೆದುಕೊಂಡರು.

ಅಚ್ಚಿಗೆ ಹೋಗುವ ಮೊದಲು ಪ್ರಿಂಟ್ ತೆಗೆಸಿ ಅಮ್ಮನಿಗೆ ಕಳಿಸಿದ್ದೆ. ಅಮ್ಮ ತೀರ್ಥಹಳ್ಳಿ ಬಿಟ್ಟು ಶಿವಮೊಗ್ಗದ ಆಚೆ ಹೆಚ್ಚು ಹೋದವರಲ್ಲ. ಹತ್ತು ದಿನಕ್ಕೆ ಓದಿ ಮುಗಿಸಿ ಫೋನ್ ಮಾಡಿದರು. ಕೊನೆಯ ಅಧ್ಯಾಯದಲ್ಲಿ ಜಿಮ್ಮಿ ಮಾವ ತಾನೇ ಹೋಗಿ ಪೊಲೀಸರಿಗೆ ಎಲ್ಲ ಹೇಳಲು ನಿರ್ಧರಿಸುತ್ತಾನೆ. ಬೆಳಗಾಗುತ್ತದೆ, ಕೋಟು ಹಾಕಿಕೊಳ್ಳುತ್ತಾನೆ, ಮುಂಬಾಗಿಲಿನಿಂದ ಹೊರಡುತ್ತಾನೆ.

"ಎಲ್ಲ ಸರಿ ಮಾರಾಯ್ತಿ," ಅಂದರು ಅಮ್ಮ. "ಅವ ಹೋಗೋ ಮುಂಚೆ ಏನಾದ್ರೂ ತಿಂದ್ನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತನಾಲ್ಕು ಅಧ್ಯಾಯದ ಕೋಷ್ಟಕದಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಮಾರನೆಯ ಬೆಳಗ್ಗೆ ಐದಕ್ಕೆ ಕೂತು ಅರ್ಧ ಪುಟ ಸೇರಿಸಿದೆ. ಐಲೀನ್ ತಮ್ಮನಿಗಿಂತ ಮೊದಲೇ ಎದ್ದಿದ್ದಾಳೆ. ಮೈದಾ, ಅಡುಗೆ ಸೋಡಾ, ಉಪ್ಪು, ಮಜ್ಜಿಗೆ ಕಲಸಿ ಸೋಡಾ ಬ್ರೆಡ್ ಮಾಡಿದ್ದಾಳೆ, ಅವರ ಅಮ್ಮ ಮಾಡುತ್ತಿದ್ದ ಹಾಗೆ ಒಣದ್ರಾಕ್ಷಿ ಹಾಕದೆ. ಎರಡು ಮೊಟ್ಟೆ ಬೇಯಿಸಿದ್ದಾಳೆ. ತಟ್ಟೆ ಅವನ ಮುಂದೆ ಇಟ್ಟು ಎದುರು ಕೂತಿದ್ದಾಳೆ. ಇಬ್ಬರೂ ಆ ಬೆಂಕಿಯ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಅವನು ತಿಂದು ಮುಗಿಸುವವರೆಗೆ ಅವಳು ಏಳುವುದಿಲ್ಲ.